ನಿಂತರೆ ತಪ್ಪು, ನಿಲ್ಲಿಸಿದರೆ ತಪ್ಪಿಲ್ಲವೇ?

1999ರ ವಿಧಾನಸಭಾ ಚುನಾವಣೆಯಲ್ಲಿ ನಾನು ಉತ್ತರ ಕರ್ನಾಟಕದ ಒಂದು ಕ್ಷೇತ್ರದ ಚುನಾವಣಾಧಿಕಾರಿಯಾಗಿದ್ದೆ. ನಾಮಪತ್ರಗಳ ಪರಿಶೀಲನೆಯ ದಿನ ಪಕ್ಷೇತರ ಅಭ್ಯರ್ಥಿಯೊಬ್ಬರ ವಿರುದ್ಧ ಆಕ್ಷೇಪಣೆ ಬಂತು. ಅವರು ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರು. ಹಳ್ಳವೊಂದಕ್ಕೆ ಅವರು ಕಟ್ಟುತ್ತಿದ್ದ ಸೇತುವೆ ಆಗ ಕಂಬದ ಮಟ್ಟದಲ್ಲಿತ್ತು. ಜನತಾ ಪ್ರಾತಿನಿಧ್ಯ ಕಾಯ್ದೆಯ 9ಎ ಕಲಮಿನ ಪ್ರಕಾರ, ಸರ್ಕಾರದೊಂದಿಗೆ ಕಾಮಗಾರಿಯ ಕರಾರು ಚಾಲ್ತಿಯಲ್ಲಿರುವ ವ್ಯಕ್ತಿ ಶಾಸನಸಭೆಗೆ ಸ್ಪರ್ಧಿಸುವಂತಿಲ್ಲ. ಕೆಲಸ ಪೂರ್ತಿಯಾಗಿ ಬಿಲ್ಲು ಮಾತ್ರ ಬಾಕಿಯಿದ್ದರೆ ಅಡ್ಡಿಯಿಲ್ಲ. ಇಲ್ಲಿ ಕೆಲಸವೇ ಬಾಕಿಯಿತ್ತು. ನಾಮಪತ್ರ ತಿರಸ್ಕರಿಸಿ ಆದೇಶ ಬರೆದೆ. ಆತ ವಾದಿಸಲಿಲ್ಲ. ಹೊರಡುವ ಮುನ್ನ ಕೈಮುಗಿದು, ‘ಸಾಹೇಬ್ರ, ನಾನು ನಿಂತ್ರ ತಪ್ಪು ಅಂತೀರಿ. ಹೋದ ಸಲ ನಿಂತವ್ರಿಗೆ ರೊಕ್ಕ ಕೊಟ್ಟಾಂವನೂ ನಾನೇ. ಅದು ತಪ್ಪಲ್ಲೇನ್ರಿ?’ ಎಂದರು.

ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪಾಗಿರಲಿಲ್ಲ. ಇಂದಿಗೂ ತಪ್ಪಲ್ಲ. ಸರ್ಕಾರದ ಹಣ ಪಡೆಯುವವನು ಸರ್ಕಾರದ ಭಾಗವಾಗಬಾರದು, ಹಿತಾಸಕ್ತಿಗಳ ಘರ್ಷಣೆ ಉಂಟಾಗಬಾರದು ಎಂಬುದು 9ಎ ಕಲಮಿನ ಹಿಂದಿನ ತರ್ಕ. ಆದರೆ ಅದೇ ವ್ಯಕ್ತಿ ಸರ್ಕಾರ ರಚಿಸಬಹುದಾದ ಪಕ್ಷಕ್ಕೆ ಹಣ ಕೊಡುವ ಸಂದರ್ಭಕ್ಕೆ ಈ ತರ್ಕ ಅನ್ವಯವಾಗುವುದಿಲ್ಲ. ವಿದೇಶಿ ಮೂಲದಿಂದ ದೇಣಿಗೆ ಪಡೆಯುವುದನ್ನು ನಮ್ಮ ಕಾನೂನು ನಿರ್ಬಂಧಿಸಿದೆ. ಸರ್ಕಾರಿ ಕಂಪನಿಗಳೂ ಮೂರು ವರ್ಷ ತುಂಬದ ಕಂಪನಿಗಳೂ ದೇಣಿಗೆ ಕೊಡುವಂತಿಲ್ಲ. ಸರ್ಕಾರಿ ಗುತ್ತಿಗೆದಾರ ಮಾತ್ರ ಈ ಯಾವ ಪಟ್ಟಿಯಲ್ಲಿಯೂ ಇಲ್ಲ.

ಕಂಪನಿ ದೇಣಿಗೆಯ ವಿಷಯದಲ್ಲಿ ನಮ್ಮ ಸಂಸತ್ತು ಹಲವು ಬಾರಿ ಮನಸ್ಸು ಬದಲಿಸಿದೆ. 1969ರಲ್ಲಿ ಅದನ್ನು ಪೂರ್ತಿಯಾಗಿ ನಿಷೇಧಿಸಲಾಯಿತು. 1985ರಲ್ಲಿ ಸರಾಸರಿ ಲಾಭದ ಶೇ 5ರ ಮಿತಿಯೊಂದಿಗೆ ಮತ್ತೆ ಅವಕಾಶ ದೊರೆಯಿತು. 2013ರ ಕಂಪನಿ ಕಾಯ್ದೆಯ 182ನೇ ಕಲಮು ಮಿತಿಯನ್ನು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 7.5ಕ್ಕೆ ಏರಿಸಿತು. 2017ರ ಹಣಕಾಸು ಕಾಯ್ದೆ ಆ ಮಿತಿಯನ್ನೂ, ಯಾವ ಪಕ್ಷಕ್ಕೆ ಕೊಟ್ಟೆವೆಂದು ಲೆಕ್ಕಪತ್ರದಲ್ಲಿ ಹೆಸರಿಸುವ ಹೊಣೆಯನ್ನೂ ತೆಗೆದುಹಾಕಿತು. ಅದರ ಬೆನ್ನಿಗೇ ಚುನಾವಣಾ ಬಾಂಡ್ ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಬಾಂಡ್ ಯೋಜನೆಯನ್ನೂ ಈ ಎರಡು ತಿದ್ದುಪಡಿಗಳನ್ನೂ ರದ್ದುಪಡಿಸಿತು. ಕಂಪನಿಯೊಂದು ಕೊಡುವ ದೇಣಿಗೆ ಬಹುತೇಕ ವ್ಯವಹಾರವೇ ಹೊರತು ನಾಗರಿಕನ ಅಭಿಪ್ರಾಯ ಪ್ರಕಟಣೆಯಲ್ಲ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ಅರ್ಥಶಾಸ್ತ್ರ ಓದಿದ ನನ್ನಂಥವನಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ.

ಮುಂದಿನ ತಿಂಗಳು ಬಾಂಡ್‌ಗಳ ವಿವರ ಹೊರಬಿದ್ದಾಗ, ಖರೀದಿದಾರರ ಪಟ್ಟಿಯ ಎರಡನೆಯ ಸ್ಥಾನದಲ್ಲಿ ಹೈದರಾಬಾದಿನ ಮೇಘಾ ಎಂಜಿನಿಯರಿಂಗ್ ಸಂಸ್ಥೆಯಿತ್ತು. ಮೊತ್ತ 966 ಕೋಟಿ ರೂಪಾಯಿ. ಕಾಳೇಶ್ವರಂ ಏತ ನೀರಾವರಿ, ಝೋಜಿಲಾ ಸುರಂಗ ಮೊದಲಾದ ಬೃಹತ್ ಸರ್ಕಾರಿ ಕಾಮಗಾರಿಗಳನ್ನು ಪಡೆದ ಸಂಸ್ಥೆಯದು. ಬಾಂಡ್ ಖರೀದಿ ಅಂದಿನ ಕಾನೂನಿಗೆ ಅನುಗುಣವಾಗಿಯೇ ಇತ್ತು ಎಂಬುದನ್ನು ಮರೆಯಬಾರದು. ದೇಣಿಗೆಗೂ ಗುತ್ತಿಗೆಗೂ ಕಾರ್ಯಕಾರಣ ಸಂಬಂಧವಿದೆಯೆಂದು ಯಾವ ನ್ಯಾಯಾಲಯವೂ ತೀರ್ಮಾನಿಸಿಲ್ಲ. ವಿಶೇಷ ತನಿಖಾ ತಂಡದ ಬೇಡಿಕೆಯನ್ನು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿರಸ್ಕರಿಸಿತು. ನನ್ನ ಪ್ರಶ್ನೆ ಆ ಸಂಸ್ಥೆಯ ಕುರಿತಾದುದಲ್ಲ. ಟೆಂಡರ್ ತೆರೆಯುವ ಮೇಜಿನ ಮುಂದೆ ಕುಳಿತ ಅಧಿಕಾರಿಗೆ ಇದು ಏಕೆ ತಿಳಿದಿರಬಾರದು ಎಂಬುದು.

ತೀರ್ಪಿನಿಂದಾಗಿ ಶೇ 7.5ರ ಮಿತಿ ಮರಳಿ ಬಂದಿದೆ, ಇನ್ನೇನು ಬೇಕು ಎನ್ನುವವರಿದ್ದಾರೆ. ಈ ಮಿತಿ ಲಾಭಕ್ಕೆ ಕಟ್ಟಿದ್ದು. ಸರ್ಕಾರಿ ಕೆಲಸವನ್ನೇ ನಂಬಿದ ಸಂಸ್ಥೆಗೆ ಗುತ್ತಿಗೆ ಹೆಚ್ಚಿದಷ್ಟೂ ಲಾಭ ಹೆಚ್ಚುತ್ತದೆ, ಲಾಭ ಹೆಚ್ಚಿದಷ್ಟೂ ದೇಣಿಗೆಯ ಮಿತಿ ಹಿಗ್ಗುತ್ತದೆ. ಅಂದರೆ ಯಾರ ದೇಣಿಗೆಯನ್ನು ಅನುಮಾನದಿಂದ ನೋಡಬೇಕೋ ಅವರಿಗೇ ಕಾನೂನು ಹೆಚ್ಚು ಕೊಡುವ ಅವಕಾಶ ಒದಗಿಸುತ್ತದೆ. ಇನ್ನೊಂದು ಸಂಗತಿ: 182ನೇ ಕಲಮು ಕಂಪನಿಗಳಿಗೆ ಮಾತ್ರ ಅನ್ವಯ. ನನ್ನ ಸೇವಾವಧಿಯಲ್ಲಿ ಕಂಡ ಗುತ್ತಿಗೆದಾರರಲ್ಲಿ ಬಹುಪಾಲು ಜನ ಸ್ವಂತ ಹೆಸರಿನಲ್ಲಿ ಅಥವಾ ಪಾಲುದಾರಿಕೆಯಲ್ಲಿ ವ್ಯವಹರಿಸುವವರು. ಅವರಿಗೆ ಶೇ 7.5ರ ಮಿತಿಯೂ ಇಲ್ಲ, ಆಡಳಿತ ಮಂಡಳಿಯ ನಿರ್ಣಯದ ಅಗತ್ಯವೂ ಇಲ್ಲ. ಚುನಾವಣಾ ಟ್ರಸ್ಟ್‌ಗಳ ದಾರಿಯೂ ತೆರೆದಿದೆ. ಟ್ರಸ್ಟ್ ತನಗೆ ಕೊಟ್ಟವರ ಹೆಸರನ್ನೂ ತಾನು ಹಂಚಿದ ಪಕ್ಷಗಳ ಹೆಸರನ್ನೂ ಆಯೋಗಕ್ಕೆ ತಿಳಿಸುತ್ತದೆ. ಯಾರ ರೂಪಾಯಿ ಯಾವ ಪಕ್ಷಕ್ಕೆ ಸೇರಿತೆಂಬುದು ಆ ಎರಡು ಪಟ್ಟಿಗಳ ನಡುವೆ ಕರಗಿಹೋಗುತ್ತದೆ.

ಅಮೆರಿಕ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿತು. ಚುನಾವಣೆಯಲ್ಲಿ ಹಣದ ಹೊಳೆ ಹರಿಯುವ ಆ ದೇಶವನ್ನು ಮಾದರಿಯೆಂದು ತೋರಿಸಲು ಸಂಕೋಚವಿದೆ. ಆದರೂ ಈ ಒಂದು ವಿಷಯದಲ್ಲಿ ಅವರ ಕಾನೂನು ಸ್ಪಷ್ಟ. 1940ರಿಂದಲೂ ಅಲ್ಲಿ ಫೆಡರಲ್ ಸರ್ಕಾರದ ಗುತ್ತಿಗೆದಾರ ಫೆಡರಲ್ ಚುನಾವಣೆಗೆ ದೇಣಿಗೆ ಕೊಡುವಂತಿಲ್ಲ. ನಿರ್ಬಂಧ ಕರಾರಿಗೆ ಸಹಿ ಬಿದ್ದ ದಿನದಿಂದಲ್ಲ, ಮಾತುಕತೆ ಆರಂಭವಾದ ದಿನದಿಂದಲೇ ಜಾರಿಗೆ ಬರುತ್ತದೆ, ಕೆಲಸ ಮುಗಿಯುವವರೆಗೂ ಇರುತ್ತದೆ. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಇದನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಅಲ್ಲಿಯೂ ಕಂಡಿಗಳಿಲ್ಲವೆಂದಲ್ಲ. ಗುತ್ತಿಗೆ ಪಡೆದ ಕಂಪನಿಯ ನಿರ್ದೇಶಕರು ಸ್ವಂತ ಜೇಬಿನಿಂದ ಕೊಡಬಹುದು. ದಂಡವೂ ಹಗುರ. ಬಾಸ್ಟನ್ನಿನ ನಿರ್ಮಾಣ ಸಂಸ್ಥೆಯೊಂದು 2 ಲಕ್ಷ ಡಾಲರ್ ಕೊಟ್ಟು ಸಿಕ್ಕಿಬಿದ್ದಾಗ, 2017ರಲ್ಲಿ ಅದು ಕಟ್ಟಿದ ದಂಡ 34,000 ಡಾಲರ್.

ಇದಕ್ಕಿಂತ ಚುರುಕಾದ ನಿಯಮವನ್ನು ಅಲ್ಲಿನ ಷೇರುಪೇಟೆ ನಿಯಂತ್ರಣ ಆಯೋಗ 2010ರಲ್ಲಿ ತಂದಿತು. ಸರ್ಕಾರಿ ಪಿಂಚಣಿ ನಿಧಿಗಳ ಹಣ ನಿರ್ವಹಿಸುವ ಸಂಸ್ಥೆ, ಆ ಕೆಲಸ ಯಾರಿಗೆ ಸಿಗಬೇಕೆಂಬುದರ ಮೇಲೆ ಪ್ರಭಾವವುಳ್ಳ ರಾಜಕಾರಣಿಗೆ ಅಲ್ಪ ಮೊತ್ತವನ್ನು ಮೀರಿ ದೇಣಿಗೆ ಕೊಟ್ಟರೆ, ಎರಡು ವರ್ಷ ಆ ನಿಧಿಯಿಂದ ಶುಲ್ಕ ಪಡೆಯುವಂತಿಲ್ಲ. ಜೈಲಿಲ್ಲ, ಪೊಲೀಸರಿಲ್ಲ, ಆದಾಯವಷ್ಟೇ ಇಲ್ಲ. ಸಂಸ್ಥೆಯ ಹಿರಿಯ ಅಧಿಕಾರಿಗಳ ವೈಯಕ್ತಿಕ ದೇಣಿಗೆಗೂ ಇದು ಅನ್ವಯವಾಗುವುದರಿಂದ, ಸಂಸ್ಥೆಗಳು ತಮ್ಮವರ ಮೇಲೆ ತಾವೇ ಕಣ್ಣಿಡಬೇಕಾಯಿತು. ತನಿಖೆಯ ಹೊರೆಯನ್ನು ಲಾಭ ಪಡೆಯುವವನ ತಲೆಗೇ ಹೊರಿಸಿದ್ದು ಜಾಣತನ.

ಅಮೆರಿಕದ ಕಾಯ್ದೆಯ ಇನ್ನೊಂದು ಅಂಶ ನಮಗೆ ಹೆಚ್ಚು ಪ್ರಸ್ತುತ. ಗುತ್ತಿಗೆದಾರ ಕೊಡುವುದಷ್ಟೇ ಅಲ್ಲ, ಗೊತ್ತಿದ್ದೂ ಅವನಿಂದ ಕೇಳುವುದೂ ಅಲ್ಲಿ ಅಪರಾಧ. ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಮಂತ್ರಿಗೆ ಪತ್ರ ಬರೆದು ಶೇ 40ರ ಕಮಿಷನ್ ಆರೋಪ ಮಾಡಿದ್ದು ಓದುಗರಿಗೆ ನೆನಪಿರಬಹುದು. ಆ ಆರೋಪದ ಸತ್ಯಾಸತ್ಯತೆ ಇಲ್ಲಿಯ ವಿಷಯವಲ್ಲ. ದೂರು ಕೊಟ್ಟವರು ಗುತ್ತಿಗೆದಾರರೇ ಎಂಬುದನ್ನು ಗಮನಿಸಬೇಕು. ‘ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಸ್ವಾಮಿ’ ಎಂದು ಹೇಳಬಲ್ಲ ಗುತ್ತಿಗೆದಾರನಿಗೆ ಒಂದು ಗುರಾಣಿ ಸಿಕ್ಕಂತೆ. ಕೊಡಲು ಮುಕ್ತ ಅವಕಾಶವಿರುವವನು ‘ಇಲ್ಲ’ ಎನ್ನುವುದಕ್ಕೆ ಕಾರಣ ಹುಡುಕಬೇಕಾಗುತ್ತದೆ, ಅದೂ ಬಾಕಿ ಬಿಲ್ಲು ಕಚೇರಿಯಲ್ಲಿ ಕುಳಿತಿರುವಾಗ.

ಗುತ್ತಿಗೆಯಲ್ಲಿ ಕೈಬದಲಾಗುವ ಹಣದಲ್ಲಿ ಬಹುಭಾಗ ನಗದು, ಚೆಕ್ಕಿನ ದೇಣಿಗೆಗೆ ನಿಯಮ ಮಾಡಿ ಏನು ಫಲ ಎಂದು ಹಳೆಯ ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು. ಆಕ್ಷೇಪ ಸರಿಯಾದದ್ದೇ. ಈ ನಿಯಮ ನಗದನ್ನು ಹಿಡಿಯುವುದಿಲ್ಲ. ಆದರೆ ಬಾಂಡ್‌ಗಳ ಪಟ್ಟಿ ತೋರಿಸಿದಂತೆ, ಬ್ಯಾಂಕಿನ ಮೂಲಕ ಸಾಗುವ ಮೊತ್ತವೂ ಸಣ್ಣದಲ್ಲ. ಆ ವೆಚ್ಚ ಹುಟ್ಟುವುದು ಎಲ್ಲಿಂದ? ಇಲಾಖೆಯ ದರ ವಿಶ್ಲೇಷಣೆಯಲ್ಲಿ ಜಲ್ಲಿಗೆ, ಸಿಮೆಂಟಿಗೆ, ಕೂಲಿಗೆ, ಗುತ್ತಿಗೆದಾರನ ಲಾಭಕ್ಕೆ ಲೆಕ್ಕವಿದೆ, ದೇಣಿಗೆಗೆ ಇಲ್ಲ. ಹಾಗಾಗಿ ಅದು ಲಾಭದಿಂದ ಹೋಗಬೇಕು, ಇಲ್ಲವೇ ಕಾಂಕ್ರೀಟಿನಿಂದ.

ಗುತ್ತಿಗೆದಾರರ ದೇಣಿಗೆಯನ್ನು ನಿಷೇಧಿಸಲು ಸಂಸತ್ತೇ ಕಾನೂನು ಮಾಡಬೇಕು; ಪಕ್ಷಗಳು ತಮ್ಮ ಕೈಯಾರೆ ಅದನ್ನು ಬೇಗ ಮಾಡುತ್ತವೆಂಬ ಭ್ರಮೆ ನನಗಿಲ್ಲ. ಆದರೆ ಘೋಷಣೆ ಕೇಳಲು ಸಂಸತ್ತು ಬೇಕಿಲ್ಲ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗೆಂದೇ ಕರ್ನಾಟಕ 1999ರಲ್ಲಿ ಕಾಯ್ದೆ ಮಾಡಿದೆ. ಟೆಂಡರಿನ ತಾಂತ್ರಿಕ ಲಕೋಟೆಯಲ್ಲಿ ನಾನು ವರ್ಷಗಟ್ಟಲೆ ನೋಡಿದ ಕಾಗದಗಳಿವು: ವಾರ್ಷಿಕ ವಹಿವಾಟಿಗೆ ಲೆಕ್ಕ ಪರಿಶೋಧಕರ ಪ್ರಮಾಣಪತ್ರ, ಆದಾಯ ತೆರಿಗೆಯ ದಾಖಲೆ, ಯಂತ್ರೋಪಕರಣಗಳ ಪಟ್ಟಿ, ಕಪ್ಪುಪಟ್ಟಿಗೆ ಸೇರಿಲ್ಲವೆಂಬ ಪ್ರಮಾಣಪತ್ರ. ಹಿಂದಿನ ಮೂರು ವರ್ಷಗಳಲ್ಲಿ ಸಂಸ್ಥೆ, ಅದರ ಪಾಲುದಾರರು, ನಿರ್ದೇಶಕರು ಹಾಗೂ ಸೋದರ ಸಂಸ್ಥೆಗಳು ನೇರವಾಗಿಯೋ ಟ್ರಸ್ಟ್ ಮೂಲಕವೋ ಯಾವ ಪಕ್ಷಕ್ಕೆ ಎಷ್ಟು ಕೊಟ್ಟರೆಂಬ ಇನ್ನೊಂದು ಹಾಳೆಯನ್ನು ಅದೇ ಲಕೋಟೆಗೆ ಸೇರಿಸಬಹುದು. ಘೋಷಣೆ ಸುಳ್ಳಾದರೆ ಠೇವಣಿ ಮುಟ್ಟುಗೋಲು, ಕರಾರು ರದ್ದು. ಕಾರ್ಯಾದೇಶ ಹೊರಟ ದಿನವೇ ಆ ಹಾಳೆ ಇ-ಸಂಗ್ರಹಣೆ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತಿರಬೇಕು, ಕಾಮಗಾರಿಯ ಅಂದಾಜು ಮೊತ್ತದ ಪಕ್ಕದಲ್ಲೇ.