ಪಂಚಾಂಗ ಹಾಕುವ ಮೊದಲು ಉಮ್ಮನನ್ನು ಕೇಳಿ

ಕಳೆದ ಮಳೆಗಾಲದಲ್ಲಿ ಒಂದು ಮರಣದ ಮನೆಗೆ ಹೋಗಿದ್ದೆ. ಮನೆ ಕಟ್ಟಿ ಐದಾರು ವರ್ಷ ಆಗಿರಬಹುದು. ರಸ್ತೆಯಿಂದ ನೋಡಿದರೆ ಬಂಗಲೆ. ಎರಡು ಅಂತಸ್ತು, ದಪ್ಪ ಕಂಬಗಳ ಸಿಟೌಟ್, ಹಾಲ್‌ನಲ್ಲಿ ನಿಂತು ತಲೆ ಎತ್ತಿದರೆ ಮೇಲಿನ ಸ್ಲ್ಯಾಬ್ ತನಕ ಖಾಲಿ. ತೀರಿಕೊಂಡವರು ಮನೆಯ ಯಜಮಾನರ ಉಮ್ಮ. ಅವರ ರೂಮ್ ಮಹಡಿಯಲ್ಲಿತ್ತು. ಕೆಳಗೆ ಇದ್ದ ಎರಡು ರೂಮ್‌ಗಳಲ್ಲಿ ಒಂದು ಯಜಮಾನರದ್ದು, ಇನ್ನೊಂದು ಗೆಸ್ಟ್ ರೂಮ್. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಹನ್ನೊಂದು ತಿಂಗಳು ಅವರು ಕೆಳಗೆ ಇಳಿದೇ ಇರಲಿಲ್ಲವಂತೆ.

ಮಯ್ಯತ್ ಕೆಳಗೆ ತರಬೇಕಿತ್ತು. ಮೆಟ್ಟಿಲಿನ ತಿರುವು ಇಕ್ಕಟ್ಟು, ಮಂಚ ತಿರುಗಲಿಲ್ಲ. ಕೊನೆಗೆ ನಾಲ್ಕು ಜನ ಬೆಡ್‌ಶೀಟಿನಲ್ಲಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದೆವು. ಮಲಗಿಸಿದ್ದು ಅದೇ ಗೆಸ್ಟ್ ರೂಮಿನಲ್ಲಿ. ಮಗ ನನ್ನ ಕೈ ಹಿಡಿದು, "ಪ್ಲ್ಯಾನ್ ಮಾಡುವಾಗ ಇದು ನನ್ನ ತಲೆಗೇ ಹೋಗಲಿಲ್ಲ ಉಸ್ತಾದ್" ಎಂದು ಅತ್ತರು. ತಾಯಿಯನ್ನು ಕಡೆಗಣಿಸಿದ ಮಗ ಅವರಲ್ಲ. ಆಸ್ಪತ್ರೆಗೆ ಲಕ್ಷಗಟ್ಟಲೆ ಸುರಿದವರು. ಆದರೆ ಮನೆಯ ಪ್ಲ್ಯಾನ್ ಹಾಕಿದ ದಿನ ಉಮ್ಮ ನಡೆಯುತ್ತಿದ್ದರು. ಮುಂದೆ ಒಂದು ದಿನ ನಡೆಯಲಾರರು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ನಾನು ಇಂಜಿನಿಯರ್ ಅಲ್ಲ. ಪಿಯುಸಿ ಓದಿ, ದೀನೀ ವಿದ್ಯೆ ಕಲಿತು, ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವನು. ಆದರೆ ಮದ್ರಸದ ಉಸ್ತಾದರಿಗೆ ಊರಿನ ಎಲ್ಲ ಮನೆಗಳ ಒಳಗೂ ಹೋಗುವ ಅವಕಾಶ ಇದೆ. ಮನೆ ಒಕ್ಕಲಿನ ದಿನ ದುಆಕ್ಕೆ ಕರೆಯುತ್ತಾರೆ, ಮೌಲಿದ್‌ಗೆ ಕರೆಯುತ್ತಾರೆ, ಕಾಯಿಲೆಯವರ ಬಳಿ ಕರೆಯುತ್ತಾರೆ, ಮಯ್ಯತ್‌ಗೂ ಕರೆಯುತ್ತಾರೆ. ಒಕ್ಕಲಿನ ದಿನ ಎಲ್ಲ ಮನೆಯೂ ಚಂದ. ಆ ಮನೆ ಯಾರಿಗಾಗಿ ಕಟ್ಟಿದ್ದು ಎಂದು ಗೊತ್ತಾಗುವುದು ಆಮೇಲೆ.

ಅದೇ ಹೊತ್ತಿಗೆ ನಮ್ಮ ಮನೆಯಲ್ಲೂ ಪ್ಲ್ಯಾನ್ ತಯಾರಾಗಿತ್ತು. ಉಪ್ಪನ ಕಾಲದ ಹೆಂಚಿನ ಮನೆಯ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿದೆ. ದಮಾಮ್‌ನಲ್ಲಿರುವ ತಮ್ಮ ಹಣ ಕಳಿಸುತ್ತಾನೆ, ನಾನು ಓಡಾಟ ನೋಡಿಕೊಳ್ಳುತ್ತೇನೆ. ಪ್ಲ್ಯಾನ್ ವಾಟ್ಸ್‌ಆ್ಯಪ್‌ನಲ್ಲಿ ಬಂತು: 1,650 ಚದರ ಅಡಿ, ಎದುರಿಗೆ ಎತ್ತರದ ಹಾಲ್, ದೊಡ್ಡ ಸಿಟೌಟ್. ತಮ್ಮನಿಗೆ ಇಷ್ಟವಾಯಿತು, ನನಗೂ ಇಷ್ಟವಾಯಿತು. ಆ ಮರಣದ ಮನೆಯಿಂದ ಬಂದ ರಾತ್ರಿ ಅದನ್ನು ಪ್ರಿಂಟ್ ತೆಗೆಸಿ ಮನೆಯವಳ ಎದುರಿಗೆ ಇಟ್ಟೆ. "ಸುಬಹಿಯಿಂದ ಇಶಾ ತನಕ ನೀನು ಇದರೊಳಗೆ ಎಲ್ಲೆಲ್ಲಿ ಓಡಾಡುತ್ತಿ, ಪೆನ್ಸಿಲಿನಲ್ಲಿ ಗೆರೆ ಎಳೆ" ಎಂದೆ.

ಅವಳು ಗೆರೆ ಎಳೆದ ಮೇಲೆ ನನಗೆ ನಾಚಿಕೆಯಾಯಿತು. ಅಡುಗೆ ಕೋಣೆಯಿಂದ ಬಾತ್‌ರೂಮಿಗೆ, ಮೆಟ್ಟಿಲಿಗೆ, ಮಲಗುವ ಕೋಣೆಗೆ, ಎಲ್ಲಿಗೆ ಹೋಗಬೇಕಾದರೂ ಹಾಲ್ ದಾಟಬೇಕು. "ಗಂಡಸರು ಯಾರಾದರೂ ಬಂದು ಎರಡು ಗಂಟೆ ಕೂತರೆ ನಾನು ಅಡುಗೆ ಕೋಣೆಯಲ್ಲೇ ಬಂದಿ. ಮಗುವನ್ನು ಕಕ್ಕಸಿಗೆ ಕರೆದುಕೊಂಡು ಹೋಗಲಿಕ್ಕೂ ದಾರಿ ಇಲ್ಲ" ಎಂದಳು. ಪರ್ದಾ ಎಂದು ನಾವು ಭಾಷಣ ಮಾಡುತ್ತೇವೆ. ಪರ್ದಾ ಪಾಲಿಸಲು ಬೇಕಾದ ದಾರಿಯನ್ನು ಪ್ಲ್ಯಾನಿನಲ್ಲಿ ಇಡುವುದಿಲ್ಲ. ಹಳೆಯ ಮನೆಗಳಲ್ಲಿ ಹಿಂಬಾಗಿಲು ಇತ್ತು, ನೆರೆಮನೆಯ ಹೆಂಗಸರು ಅಲ್ಲಿಂದಲೇ ಬಂದು ಹೋಗುತ್ತಿದ್ದರು. ಮೆಟ್ಟಿಲನ್ನು ಹಾಲ್‌ನಿಂದ ಒಳಗೆ ಸರಿಸಿ, ಮೂರೂವರೆ ಅಡಿಯ ಒಂದು ಓಣಿ ಬಿಟ್ಟಾಗ ನಮ್ಮ ಪ್ಲ್ಯಾನಿಗೂ ಆ ದಾರಿ ಬಂತು. ಕಾಗದದಲ್ಲಿ ಇದಕ್ಕೆ ಒಂದು ರಬ್ಬರ್ ಸಾಕಾಯಿತು. ಗೋಡೆ ಎದ್ದ ಮೇಲೆ ಹಾರೆ ಬೇಕು.

ಅಡುಗೆ ಕೋಣೆಯ ವಿಷಯ ಇನ್ನೂ ದೊಡ್ಡದು. ನಾನು ನೋಡಿದ ಎಷ್ಟೋ ಹೊಸ ಮನೆಗಳಲ್ಲಿ ಟೈಲ್ಸ್, ಕಪಾಟು ಎಲ್ಲ ಮಾಡಿದ ಅಡುಗೆ ಕೋಣೆ ಒಣಗಿಕೊಂಡಿರುತ್ತದೆ. ನಿಜವಾದ ಅಡುಗೆ ಹಿಂದೆ, ಆಮೇಲೆ ಇಳಿಸಿದ ಶೀಟಿನ ಕೆಳಗೆ. ಮೀನು ಕೊಯ್ಯುವುದು, ಅಕ್ಕಿ ಅರೆಯುವುದು, ರಮಳಾನಿನಲ್ಲಿ ದೊಡ್ಡ ಪಾತ್ರೆ ಇಡುವುದು ಎಲ್ಲ ಅಲ್ಲಿಯೇ. ಎಪ್ರಿಲ್‌ನ ಬಿಸಿಲಿಗೆ ಆ ಶೀಟಿನ ಕೆಳಗೆ ಅರ್ಧ ಗಂಟೆ ನಿಂತು ನೋಡಿ. ನಾವು ಶೋ ಅಡುಗೆ ಕೋಣೆಯನ್ನು ಚಿಕ್ಕದು ಮಾಡಿ, ವರ್ಕ್ ಏರಿಯಾವನ್ನು ಸ್ಲ್ಯಾಬಿನ ಒಳಗೇ ಸೇರಿಸಿದೆವು. ಎರಡು ಬದಿ ಕಿಟಕಿ, ಹೊಗೆ ಹೋಗಲು ಚಿಮಣಿ, ಸೌದೆ ನೆನೆಯದ ಜಾಗ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಒಂದು ಮಾಡು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ನಾಲ್ಕು ತಿಂಗಳು ಹಾಲ್‌ನ ಕುರ್ಚಿಗಳ ಮೇಲೆ ಬಟ್ಟೆ ಹರಡುವ ಮನೆಗಳನ್ನು ನಾವೆಲ್ಲರೂ ನೋಡಿದ್ದೇವಲ್ಲ.

ಇನ್ನು ಉಮ್ಮನ ಕೋಣೆ. ಮೊದಲ ಪ್ಲ್ಯಾನಿನಲ್ಲಿ ಅದು ಕೆಳಗೇ ಇತ್ತು, ಆದರೆ ಹಿಂದಿನ ಮೂಲೆಯಲ್ಲಿ. ಬಾತ್‌ರೂಮ್ ಓಣಿಯ ಆಚೆ. ಒಂದು ಶುಕ್ರವಾರ ಜುಮಾ ಮುಗಿಸಿ, ಮೇಸ್ತ್ರಿಯನ್ನು ಕರೆದು, ಹಿತ್ತಿಲಿನ ಸಮ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಪ್ಲ್ಯಾನಿನ ಗೆರೆಗಳನ್ನು ಅಳತೆಗೆ ಸರಿಯಾಗಿ ಹಾಕಿಸಿದೆ. ಉಮ್ಮ ಊರುಗೋಲು ಹಿಡಿದು ಬಂದರು. ತಮ್ಮ ವೀಡಿಯೊ ಕಾಲ್‌ನಲ್ಲಿ ನೋಡುತ್ತಿದ್ದ. ಸಿಟೌಟ್ ನೋಡಿದರು, ಹಾಲ್ ನೋಡಿದರು, ಏನೂ ಹೇಳಲಿಲ್ಲ. ಬಾತ್‌ರೂಮಿನ ಬಾಗಿಲಿನ ಗೆರೆಯ ಹತ್ತಿರ ನಿಂತರು. ನನ್ನ ಮನೆಯವಳು ಅವರ ತೋಳು ಹಿಡಿದಿದ್ದಳು. "ಇಲ್ಲಿ ನನ್ನನ್ನು ಹಿಡಿದುಕೊಂಡು ಇವಳು ಹೇಗೆ ಒಳಗೆ ಬರೋದು?" ಎಂದು ಕೇಳಿದರು.

ಎರಡೂವರೆ ಅಡಿಯ ಬಾಗಿಲು. ದಾರಂದ ಕಳೆದರೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಒಬ್ಬರು ಅಡ್ಡವಾಗದೆ ಇಬ್ಬರು ಹೋಗಲಾರರು. ನಾಳೆ ಗಾಲಿಕುರ್ಚಿ ಬಂದರೆ ಅದೂ ಹೋಗಲಿಕ್ಕಿಲ್ಲ. ನಾನೂ ಇಂಜಿನಿಯರೂ ತಮ್ಮನೂ ಮೂರು ಸಲ ನೋಡಿದ ಪ್ಲ್ಯಾನ್ ಅದು. ತಪ್ಪು ಕಂಡುಹಿಡಿದದ್ದು ಶಾಲೆಯ ಮೆಟ್ಟಿಲು ಹತ್ತದ ಉಮ್ಮ.

ತಮ್ಮನಿಗೆ ಆ ಎತ್ತರದ ಹಾಲ್ ಬಿಡಲು ಮನಸ್ಸಿರಲಿಲ್ಲ. ಅವನನ್ನು ದೂರುವುದು ಸರಿಯಲ್ಲ. ಹದಿನೆಂಟು ವರ್ಷ ಮರುಭೂಮಿಯಲ್ಲಿ, ಆರು ಜನರ ರೂಮಿನಲ್ಲಿ ಮಲಗಿ ದುಡಿದವನು. "ಇಷ್ಟು ವರ್ಷ ದುಡಿದು ಇಷ್ಟೇನಾ ಎಂದು ಜನ ಕೇಳುವುದಿಲ್ಲವಾ?" ಎಂದಿದ್ದ. ಗಲ್ಫ್‌ನಲ್ಲಿರುವ ನಮ್ಮ ಎಷ್ಟೋ ಮಕ್ಕಳ ಮಾತು ಇದು. ಮನೆಯ ಎದುರು ಭಾಗವೇ ಅವರ ದುಡಿಮೆಗೆ ಸಾಕ್ಷಿ. ಆದರೆ ಅವನು ಆ ಮನೆಯಲ್ಲಿ ಇರುವುದು ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು. ನೋಡುವ ಜನ ರಸ್ತೆಯಲ್ಲಿ ಹೋಗುವುದು ಒಂದು ನಿಮಿಷ. ಉಮ್ಮ ಇರುವುದು ಇಪ್ಪತ್ತನಾಲ್ಕು ಗಂಟೆ. ಆ ದಿನ ಉಮ್ಮ ಬಾಗಿಲಿನ ಗೆರೆಯಲ್ಲಿ ನಿಂತದ್ದನ್ನು ನೋಡಿದವನು, ರಾತ್ರಿ ವಾಯ್ಸ್ ಕಳಿಸಿದ: "ಹಾಲ್ ಮಾಮೂಲಿ ಎತ್ತರಕ್ಕೆ ಸಾಕು. ಉಮ್ಮನ ರೂಮ್ ಮೊದಲು ಸರಿ ಮಾಡಿ."

ಈಗ ಉಮ್ಮನ ಕೋಣೆ ಹಾಲ್‌ಗೆ ತಾಗಿ ಇದೆ. ಕಿಟಕಿ ಅಂಗಳಕ್ಕೆ, ಯಾರು ಬಂದರೂ ಕಾಣುವಂತೆ. ಬಾತ್‌ರೂಮ್ ಕೋಣೆಗೇ ಸೇರಿದೆ. ಬಾಗಿಲು ಮೂರೂವರೆ ಅಡಿ. ಅದು ಹೊರಗೆ ತೆರೆಯುತ್ತದೆ. ಯಾರಾದರೂ ಒಳಗೆ ಜಾರಿ ಬಾಗಿಲಿಗೆ ಅಡ್ಡ ಬಿದ್ದರೆ, ಒಳಗೆ ತೆರೆಯುವ ಬಾಗಿಲನ್ನು ದೂಡಲಿಕ್ಕೂ ಆಗುವುದಿಲ್ಲ. ಹೊಸ್ತಿಲಿನ ಏರು ಇಲ್ಲ, ಗೋಡೆಗೆ ಹಿಡಿಕೆ, ಕೂತು ಅಂಗಸ್ನಾನ ಮಾಡಲು ಒಂದು ಕಟ್ಟೆ, ಅದರ ಎದುರು ತಗ್ಗಿನಲ್ಲಿ ನಲ್ಲಿ.

ದೀನಿನ ಕಡೆಯಿಂದ ಎರಡು ಮೂರು ಮಾತು ಹೇಳುವುದು ನನ್ನ ಜವಾಬ್ದಾರಿ. ನಮ್ಮ ಊರಿನಿಂದ ಖಿಬ್ಲಾ ನೇರ ಪಶ್ಚಿಮಕ್ಕಲ್ಲ, ಸುಮಾರು 19 ಡಿಗ್ರಿ ಉತ್ತರಕ್ಕೆ ವಾಲಿ ಇದೆ. ಗೋಡೆ ನೇರ ಇದ್ದರೂ ಮುಸಲ್ಲಾ ಓರೆಯಾಗಿ ಹಾಸಬೇಕಾಗುತ್ತದೆ. ಆದ್ದರಿಂದ ಐದಡಿ ಅಗಲದ ಕಿರಿದಾದ ನಮಾಝ್ ರೂಮ್ ಮಾಡಿದರೆ ಇಬ್ಬರು ಸಾಲಾಗಿ ನಿಲ್ಲುವುದೇ ಕಷ್ಟ. ಅಂತಹ ಎಷ್ಟೋ ರೂಮ್‌ಗಳಲ್ಲಿ ಈಗ ರಟ್ಟಿನ ಪೆಟ್ಟಿಗೆಗಳಿವೆ. ಮನೆಯ ಹೆಂಗಸರು, ಮಕ್ಕಳು ಜಮಾಅತ್ ಆಗಿ ನಿಲ್ಲುವಷ್ಟು ಖಾಲಿ ನೆಲ ಇರುವ ಕೋಣೆ ಒಂದಿದ್ದರೆ ಸಾಕು. ಕಕ್ಕಸಿನ ಕಮೋಡನ್ನು ಉತ್ತರ-ದಕ್ಷಿಣಕ್ಕೆ ಇಡಿಸಿ. ಕಟ್ಟಿದ ಶೌಚಾಲಯದೊಳಗೆ ಖಿಬ್ಲಾದ ಕಡೆ ಇದ್ದರೂ ಶಾಫಿಈ ಮದ್‌ಹಬ್‌ನಲ್ಲಿ ಹರಾಮ್ ಅಲ್ಲ. ಆದರೂ ಪೈಪ್ ಹಾಕುವ ಮೊದಲೇ ತಿರುಗಿಸಲು ಏನೂ ಖರ್ಚಿಲ್ಲವಲ್ಲ. ಸೂರಃ ಅನ್ನೂರ್‌ನಲ್ಲಿ ಮಕ್ಕಳು ಕೂಡ ಅನುಮತಿ ಕೇಳಿ ಒಳಗೆ ಬರಬೇಕಾದ ಮೂರು ಹೊತ್ತುಗಳನ್ನು ಹೇಳಲಾಗಿದೆ. ಒಂದು ಮಲಗುವ ಕೋಣೆಯ ಮೂಲಕವೇ ಇನ್ನೊಂದಕ್ಕೆ ಹೋಗಬೇಕಾದ ಪ್ಲ್ಯಾನಿನಲ್ಲಿ ಆ ಅದಬನ್ನು ಮಕ್ಕಳಿಗೆ ಹೇಗೆ ಕಲಿಸುವುದು?

ಬಾವಿ, ಗುಂಡಿಯ ಲೆಕ್ಕವನ್ನೂ ಪ್ಲ್ಯಾನಿನಲ್ಲೇ ನೋಡಬೇಕು. ಕೆಂಪುಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ. ಕಕ್ಕಸು ಗುಂಡಿ ನಮ್ಮ ಬಾವಿಯಿಂದ ಮಾತ್ರವಲ್ಲ, ನೆರೆಯವರ ಬಾವಿಯಿಂದಲೂ ಕನಿಷ್ಠ 50 ಅಡಿ ದೂರ ಇರಲಿ. ನೆರೆಯವರ ಹಕ್ಕು ಅಲ್ಲಿಯೂ ಇದೆ.

ಪ್ಲ್ಯಾನ್ ನಾಲ್ಕು ಸಲ ತಿದ್ದಿದ ಮೇಲೆ 1,650 ಇದ್ದದ್ದು 1,380 ಚದರ ಅಡಿಗೆ ಬಂತು. ಕಡಿಮೆಯಾದ 270 ಚದರ ಅಡಿಗೆ, ಮೇಸ್ತ್ರಿಯ 2,000 ರೂಪಾಯಿ ಲೆಕ್ಕದಲ್ಲಿ, 5 ಲಕ್ಷ 40 ಸಾವಿರ ಉಳಿಯಿತು. ನಾವು ಬಡ್ಡಿ ಸಾಲದ ಬಾಗಿಲಿಗೆ ಹೋಗದೆ ನಿಂತದ್ದು ಆ ಹಣದಿಂದ. ಲಿಂಟಲ್‌ಗೆ ಬಂದು ನಿಂತು ಪಾಚಿ ಹಿಡಿದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿವೆ, ನಿಮಗೇ ಗೊತ್ತು. ಅವರಲ್ಲಿ ಹೆಚ್ಚಿನವರು ಸೋತದ್ದು ದುಡಿಮೆಯಲ್ಲಿ ಅಲ್ಲ, ಪ್ಲ್ಯಾನಿನಲ್ಲಿ. ವಿಶಾಲವಾದ ಮನೆ ಅಲ್ಲಾಹನ ಅನುಗ್ರಹ ಎಂದು ಹದೀಸ್ ಇದೆ ನಿಜ. ಆದರೆ ತಲೆಯ ಮೇಲಿನ ಖಾಲಿ ಜಾಗಕ್ಕೆ ಕಲ್ಲು, ಸಿಮೆಂಟ್ ಸುರಿದು, ಉಮ್ಮನ ಬಾಗಿಲಿಗೆ ಒಂದಡಿ ಕೊಡದಿದ್ದರೆ ಅದು ವಿಶಾಲ ಮನೆಯಲ್ಲ, ದುಂದು.

ನಮ್ಮ ಪ್ಲ್ಯಾನ್ ಪೂರ್ತಿ ಸರಿಯಾಯಿತು ಎಂದು ಹೇಳಲಾರೆ. ವಾಷಿಂಗ್ ಮೆಷಿನ್‌ಗೆ ಜಾಗ ಬಿಡಲು ನಾಲ್ಕು ಸಲವೂ ಮರೆತೆವು, ಈಗ ಮೆಟ್ಟಿಲಿನ ಕೆಳಗೆ ಹೊಂದಿಸಬೇಕು. ಆದ್ದರಿಂದ ಮನೆ ಕಟ್ಟಲು ಹೊರಟವರಲ್ಲಿ ನನ್ನ ಕೇಳಿಕೆ ಇಷ್ಟೇ. ಪಂಚಾಯತ್ ಲೈಸೆನ್ಸ್‌ಗೆ ಕೊಡುವ ಮೊದಲು ಒಂದು ತಿಂಗಳು ಪ್ಲ್ಯಾನನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಅಡುಗೆ ಮಾಡುವವಳ ಕೈಗೆ ಪೆನ್ಸಿಲ್ ಕೊಡಿ. ಸುಣ್ಣದ ಗೆರೆ ಹಾಕಿ, ಮನೆಯಲ್ಲಿ ಅತಿ ನಿಧಾನ ನಡೆಯುವವರನ್ನು ಅದರೊಳಗೆ ನಡೆಸಿ. ಗೆಸ್ಟ್ ರೂಮ್ ಎಲ್ಲಿ ಎಂದು ಆಮೇಲೆ ನೋಡೋಣ.

ನಮ್ಮ ಮನೆ ಈಗ ಲಿಂಟಲ್ ಮಟ್ಟಕ್ಕೆ ಬಂದಿದೆ. ಉಮ್ಮ ಎರಡು ದಿನಕ್ಕೊಮ್ಮೆ ಹೋಗಿ, ಚೌಕಟ್ಟು ಇಲ್ಲದ ತನ್ನ ಕಿಟಕಿಯ ಹತ್ತಿರ ನಿಂತು ಅಂಗಳ ನೋಡಿ ಬರುತ್ತಾರೆ. ಸ್ಲ್ಯಾಬ್ ಯಾವಾಗ ಎಂದು ದಿನಾ ಕೇಳುತ್ತಾರೆ. ಮಳೆಗೆ ಮೊದಲು, ಇನ್‌ಶಾ ಅಲ್ಲಾಹ್ ಎನ್ನುತ್ತೇನೆ.