ಡಾಲ್ಫಿನ್ ಮೇಕಪ್ ಕಳಚಿದಾಗ

ವಿಗ್ಗು ಇಟ್ಟು ಮೇಕಪ್ ಬಳಿದರೆ ಐವತ್ತು ದಾಟಿದ ನಾಯಕನೂ ಪರದೆ ಮೇಲೆ ಕಾಲೇಜ್ ಹುಡುಗ. ಅದರಲ್ಲಿ ಮೋಸವೇನೂ ಇಲ್ಲ ಬಿಡಿ, ನಾವು ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋದೇ ಆ ಮಾಯೆಗಾಗಿ. ಆದರೆ ಕಾರಿಗೆ ಮೇಕಪ್ ಮಾಡಿದರೆ? ಆ ಕಾರಿನಲ್ಲಿ ನೀವು ಹೆತ್ತ ತಾಯಿಯನ್ನ ಕೂರಿಸಿಕೊಂಡು ಘಾಟಿ ಇಳಿಯೋಕೆ ಹೊರಟರೆ?

ಈ ವಾರದ ಕಥಾನಾಯಕ ಒಬ್ಬ ಸಹಾಯಕ ನಿರ್ದೇಶಕ. ಹೆಸರು ಬೇಡ, ಹುಡುಗ ಇನ್ನೂ ಬೆಳೆಯಬೇಕಾದವನು. ಮೂರು ಚಿತ್ರಗಳಲ್ಲಿ ಕ್ಲ್ಯಾಪ್ ಹೊಡೆದು ಕೂಡಿಟ್ಟ ಹಣದಲ್ಲಿ ‘ಸ್ಪೋರ್ಟ್ಸ್ ಕಾರ್’ ತಗೊಂಡೆ ಅಂತ ಫೋನು ಮಾಡಿದ. ಫೆರಾರಿನೋ ಏನೋ ಅಂದ್ಕೊಂಡು ಸಾರಕ್ಕಿಗೆ ಓಡಿದರೆ ಅಲ್ಲಿ ನಿಂತಿತ್ತು ಒಂದು ಕೆಂಪು ಸಿಪಾನಿ ಡಾಲ್ಫಿನ್! ನಕ್ಕೆ. ನಕ್ಕಿದ್ದಕ್ಕೆ ಹುಡುಗನ ಮುಖ ಸಣ್ಣಗಾಯ್ತು.

ಆದರೂ ಅವನ ಮಾತನ್ನ ಪೂರ್ತಿ ತಳ್ಳಿಹಾಕೋಕೆ ಆಗಲ್ಲ ಕಣ್ರೀ. ಈ ಕಾರು ನಮ್ಮೂರಿನದು. ಇಂಗ್ಲೆಂಡಿನ ರಿಲಯಂಟ್ ಕಂಪನಿ 1975ರಲ್ಲಿ ಕಿಟನ್ ಅನ್ನೋ ಪುಟ್ಟ ಗಾಡಿ ಹೊರತಂದಿತ್ತು. 1982ರಲ್ಲಿ ಅಲ್ಲಿ ಅದರ ಕಥೆ ಮುಗೀತು. ಅದೇ ಹೊತ್ತಿಗೆ ಬೆಂಗಳೂರಿನ ಸಿಪಾನಿಯವರು ಅದಕ್ಕೆ ಡಾಲ್ಫಿನ್ ಅಂತ ಹೆಸರಿಟ್ಟು ಇಲ್ಲಿ ತಯಾರಿಸತೊಡಗಿದರು. ಅದಕ್ಕೂ ಮೊದಲು ಇವರದೇ ಬಾದಲ್ ಅನ್ನೋ ಮೂರು ಚಕ್ರದ ವಿಚಿತ್ರ ಗಾಡಿ ಬಂದಿತ್ತು. ಡಾಲ್ಫಿನ್‌ಗೆ ಎರಡು ಬಾಗಿಲು, 848 ಸಿಸಿ ಎಂಜಿನ್, ಓಡಿಸೋದು ಹಿಂದಿನ ಚಕ್ರ. ಮೈಯೆಲ್ಲ ಫೈಬರ್, ಹಾಗಾಗಿ ತೂಕ ಅಂಬಾಸಡರ್‌ನ ಹೆಚ್ಚು ಕಡಿಮೆ ಅರ್ಧ. ಹಗುರ ಅನ್ನೋ ಒಂದೇ ಕಾರಣಕ್ಕೆ ರ್‍ಯಾಲಿ ಹುಡುಗರು ಇದನ್ನ ಮುದ್ದು ಮಾಡಿದರು. 1983ರ ಡಿಸೆಂಬರ್‌ನಲ್ಲಿ ಮಾರುತಿ ಬಂತು ನೋಡಿ… ಡಾಲ್ಫಿನ್ ಮಾರುಕಟ್ಟೆ ಮುಳುಗಿತು. ರ್‍ಯಾಲಿಯವರ ಪ್ರೀತಿ ಮಾತ್ರ ಅಷ್ಟು ಬೇಗ ಮುಳುಗಲಿಲ್ಲ.

‘ಹೆಂಗಿದೆ ಸಾರ್?’ ಅಂದ ಹುಡುಗ.

ಹೊರಗಿನಿಂದ ಅಪ್ಸರೆ! ಕನ್ನಡಿ ಹೊಳಪು. ಬಾಗಿಲ ಕೆಳಗೆ, ಚಕ್ರದ ಮೇಲಿನ ಕಮಾನಿನಲ್ಲಿ ಬೆರಳಾಡಿಸಿದೆ, ಒಂದು ಚೂರು ತುಕ್ಕಿಲ್ಲ. ‘ನಲವತ್ತು ವರ್ಷ ಹತ್ರ ಆಯ್ತು ಸಾರ್, ತುಕ್ಕೇ ಇಲ್ಲ!’ ಅಂತ ಅವನ ಸಂಭ್ರಮ. ಅಲ್ಲೇ ಇರೋದು ನೋಡಿ ಮರ್ಮ. ಫೈಬರ್ ಯಾವತ್ತೂ ತುಕ್ಕು ಹಿಡಿಯಲ್ಲ. ತಗಡಿನ ಕಾರು ಮುದಿಯಾದರೆ ಮೈಯೇ ಚೀಟಿ ಬರೆದುಕೊಡುತ್ತೆ: ಬಣ್ಣ ಉಬ್ಬುತ್ತೆ, ತೂತು ಬೀಳುತ್ತೆ. ಫೈಬರ್ ಕಾರಿನ ಮೈ ಏನೂ ಹೇಳಲ್ಲ. ಅದರ ಅಡಿಯಲ್ಲಿ ಎಂಜಿನ್ನು, ಸ್ಪ್ರಿಂಗು, ಚಕ್ರ, ಕೂತವರು, ಎಲ್ಲವನ್ನೂ ಹೊತ್ತಿರೋದು ಕಬ್ಬಿಣದ ಚಾಸಿಸ್ಸು. ಅದು ಮಳೆ, ಕೆಸರು ತಿಂದು ಸದ್ದಿಲ್ಲದೆ ಸವೀತಾ ಇರುತ್ತೆ.

ಮೇಸ್ತ್ರಿಯನ್ನ ಕರೆಸಿದೆ. ಸಾರಕ್ಕಿ ಕೆರೆ ಕಡೆಯ ಗಲ್ಲಿಯಲ್ಲಿ ಅವರ ಶೆಡ್ಡು. (2015ರಲ್ಲಿ ಒತ್ತುವರಿ ತೆರವು ಮಾಡಿಸಿದರಲ್ಲ, ಅದೇ ಕೆರೆ.) ಅವರ ಪದ್ಧತಿ ನನಗೆ ಬಹಳ ಹಿಡಿಸುತ್ತೆ. ಎಲ್ಲರೂ ಮೊದಲು ಬಾನೆಟ್ ಎತ್ತಿದರೆ ಇವರು ಮೊದಲು ಗಾಡಿ ಎತ್ತುತ್ತಾರೆ. ಜಾಕ್ ಕೊಟ್ಟು ಎತ್ತಿ, ನಾಲ್ಕು ಕಡೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಜಾಕ್ ಇಳಿಸಿ, ಗಾಡಿಯನ್ನ ಒಮ್ಮೆ ಅಲ್ಲಾಡಿಸಿ ನೋಡಿದ ಮೇಲೇ ಕೆಳಗೆ ನುಗ್ಗೋದು. ಬರೀ ಜಾಕ್ ನಂಬಿ ಕಾರಿನಡಿ ಮಲಗಬೇಡಿ, ದಮ್ಮಯ್ಯ! ಜಾಕ್ ಇರೋದು ಎತ್ತೋಕೆ. ಹಿಡಿದು ನಿಲ್ಲಿಸೋಕೆ ಅಲ್ಲ.

ಕೆಳಗೆ ಎಲ್ಲಾ ಕಡೆ ಕಪ್ಪು ಬಣ್ಣ, ಹೊಚ್ಚ ಹೊಸದು. ಹುಡುಗ ಖುಷಿಯಾದ. ಮೇಸ್ತ್ರಿ ಹುಬ್ಬು ಗಂಟಿಕ್ಕಿದರು. ಮಾರೋದಕ್ಕೆ ವಾರದ ಮುಂಚೆ ಹೊಟ್ಟೆಗೆ ಬಣ್ಣ ಬಳಿಯೋರು ಯಾಕೆ ಬಳೀತಾರೆ ಅಂತ ಯೋಚನೆ ಮಾಡಿ. ಮೇಸ್ತ್ರಿ ಸಣ್ಣ ಸುತ್ತಿಗೆ ತಗೊಂಡು ಚಾಸಿಸ್ ಉದ್ದಕ್ಕೂ ಬಡೀತಾ ಹೋದರು. ಟಣ್… ಟಣ್… ಟಣ್… ಹಿಂದಿನ ಬಲಗಡೆ, ಪ್ಲೇಟ್ ಸ್ಪ್ರಿಂಗ್ ಕಚ್ಚಿಕೊಳ್ಳೋ ಜಾಗಕ್ಕೆ ಬಂದಾಗ, ದಪ್! ನಮ್ಮ ಸೌಂಡ್ ಎಂಜಿನಿಯರ್ ಕೂಡ ಅಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳಲಿಕ್ಕಿಲ್ಲ. ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ಬಿಸ್ಕತ್ತಿಗೆ ಚಮಚ ಚುಚ್ಚಿದ ಹಾಗೆ ಒಳಗೆ ಹೋಯ್ತು. ಯಾರೋ ತುಕ್ಕಿನ ಮೇಲೇ ತೆಳು ತಗಡು ಹೊದಿಸಿ, ನಾಲ್ಕು ಕಡೆ ವೆಲ್ಡಿಂಗ್ ಚುಕ್ಕೆ ಇಟ್ಟು, ಕಪ್ಪು ಬಳಿದಿದ್ದರು. ಮೇಕಪ್ ಅಂದ್ರೆ ಇದು!

ಆ ಜಾಗ ಕೈಕೊಟ್ಟರೆ ಏನಾಗುತ್ತೆ ಗೊತ್ತಾ? ಹಿಂದಿನ ಅಚ್ಚು ಒಂದು ಕಡೆ ಜಾರುತ್ತೆ. ಓಡೋ ಗಾಡಿಯ ಹಿಂಬದಿ ಚಕ್ರ ತನಗೆ ಇಷ್ಟ ಬಂದ ಕಡೆ ತಿರುಗುತ್ತೆ. ಸ್ಟೀರಿಂಗ್ ನಿಮ್ಮ ಕೈಯಲ್ಲಿದ್ದು ಪ್ರಯೋಜನವಿಲ್ಲ.

ಹುಡುಗ ಸುಮ್ಮನೆ ಕೂತ. ಆಮೇಲೆ ಮೆಲ್ಲಗೆ ಹೇಳಿದ: ‘ಭಾನುವಾರ ಅಮ್ಮನ್ನ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ ಸಾರ್. ಶನಿವಾರ ರಾತ್ರಿ ಪ್ಯಾಕಪ್ ಆದ ತಕ್ಷಣ ಹೊರಡೋಣ ಅಂತ.’

ರಾತ್ರಿ, ದಣಿವು, ಹೆದ್ದಾರಿ. ನಮ್ಮ ಚಿತ್ರರಂಗದವರಿಗೆ ಈ ಮೂರು ಮಾತು ಒಟ್ಟಿಗೆ ಕೇಳಿದರೆ ಎದೆ ಝಲ್ ಅನ್ನುತ್ತೆ. 1990ರ ಸೆಪ್ಟೆಂಬರ್ 30, ದಾವಣಗೆರೆ ಬಳಿಯ ಆನಗೋಡು. ಶಂಕರ್‌ನಾಗ್ ಹೋಗಿದ್ದು ರಸ್ತೆಯಲ್ಲೇ. ಅದಕ್ಕೂ ಈ ತುಕ್ಕಿಗೂ ಸಂಬಂಧ ಕಟ್ಟುತ್ತಿಲ್ಲ. ಆದರೆ ಚಿತ್ರೀಕರಣದಿಂದ ಚಿತ್ರೀಕರಣಕ್ಕೆ ಓಡೋ ಜನ ಗಾಡಿ ವಿಚಾರದಲ್ಲಿ ‘ಹೆಂಗೋ ನಡೆಯುತ್ತೆ’ ಅಂದಾಗೆಲ್ಲ ನನಗೆ ಆ ತಾರೀಖು ನೆನಪಾಗುತ್ತೆ.

ಸರಿ, ಮುಂದೆ ಬ್ರೇಕು. ಡಾಲ್ಫಿನ್‌ಗೆ ನಾಲ್ಕೂ ಕಡೆ ಡ್ರಮ್. ಪೆಡಲ್ ಒತ್ತಿ ಹಾಗೇ ಹಿಡಿ ಅಂದರು ಮೇಸ್ತ್ರಿ. ಮೊದಲು ಗಟ್ಟಿ ಇತ್ತು. ಒಂದು ನಿಮಿಷದೊಳಗೆ ಕಾಲು ನಿಧಾನ ಕೆಳಗೆ ಇಳೀತಾ ಹೋಯ್ತು. ಪೆಡಲ್ ಹೀಗೆ ಜಾರಿದರೆ ಒತ್ತಡ ಎಲ್ಲೋ ಸೋರಿ ಹೋಗ್ತಿದೆ ಅಂತ ಅರ್ಥ. ಡ್ರಮ್ ಬಿಚ್ಚಿದರೆ ಹಿಂದಿನ ಎಡಗಡೆ ವೀಲ್ ಸಿಲಿಂಡರಿನ ರಬ್ಬರ್ ಸತ್ತು, ಬ್ರೇಕ್ ಆಯಿಲ್ ಲೈನಿಂಗ್ ಮೇಲೆಲ್ಲ ಹರಡಿತ್ತು. ಉಳಿದಿದ್ದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ವರ್ಷಗಟ್ಟಲೆ ಬದಲಾಯಿಸದಿದ್ದರೆ ಶಿರಾಡಿಯಂಥ ಇಳಿಜಾರಿನಲ್ಲಿ ಡ್ರಮ್ ಕಾದಾಗ ಆ ನೀರು ಕುದಿದು ಆವಿಯಾಗುತ್ತೆ. ಆವಿ ಒತ್ತಿದರೆ ಕುಗ್ಗುತ್ತೆ. ಪೆಡಲ್ ನೆಲ ಮುಟ್ಟುತ್ತೆ, ಗಾಡಿ ನಿಲ್ಲಲ್ಲ. ನಗರದಲ್ಲಿ ತಿಂಗಳುಗಟ್ಟಲೆ ‘ಬ್ರೇಕ್ ಸೂಪರ್’ ಅಂತಿದ್ದ ಗಾಡಿ ಘಾಟಿಯಲ್ಲಿ ಕೈಕೊಡೋದಕ್ಕೆ ಇದೂ ಒಂದು ಕಾರಣ.

ಟೈರ್ ನೋಡಿ ಹುಡುಗ, ‘ಗುಂಡಿ ಇನ್ನೂ ಹಾಗೇ ಇದೆ ಸಾರ್’ ಅಂದ. ಇರದೇ ಏನು? ಗಾಡಿ ನಿಂತಲ್ಲೇ ನಿಂತಿತ್ತಲ್ಲ! ಟೈರಿನ ಪಕ್ಕದಲ್ಲಿ ನಾಲ್ಕಂಕಿ ಅಚ್ಚು ಹಾಕಿರ್ತಾರೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2311 ಅಂತಿದ್ದರೆ 2011ನೇ ಇಸವಿಯ 23ನೇ ವಾರದ ಸರಕು. ಇಲ್ಲಿದ್ದದ್ದು ಅದೇ ಕಾಲದ್ದು. ಪಕ್ಕದ ರಬ್ಬರಿನಲ್ಲಿ ಕೆರೆ ಒಣಗಿದ ಹಾಗೆ ಸಣ್ಣ ಸಣ್ಣ ಬಿರುಕು.

ಇಷ್ಟೆಲ್ಲ ಆದ ಮೇಲೆ ಬಾನೆಟ್. ತಮಾಷೆ ಏನಂದ್ರೆ ಎಲ್ಲರೂ ಹೆದರೋ ಎಂಜಿನ್ನೇ ಇಲ್ಲಿ ಸಾಚಾ! ಇದು ಪೂರ್ತಿ ಅಲ್ಯೂಮಿನಿಯಂ ಎಂಜಿನ್. ಬೆಂಗಳೂರಿನ ಬೋರ್‌ವೆಲ್ ನೀರು ರೇಡಿಯೇಟರಿಗೆ ಸುರಿದೂ ಸುರಿದೂ ಎಷ್ಟೋ ಇಂಥ ಎಂಜಿನ್‌ಗಳನ್ನ ಕೊಂದಿದ್ದಾರೆ. ಕೂಲಂಟ್ ಇಲ್ಲದಿದ್ದರೆ ಅಲ್ಯೂಮಿನಿಯಂ ಒಳಗಿಂದ ಕೊರೆದು ಹೋಗುತ್ತೆ, ಬಿಸಿ ಏರುತ್ತೆ, ಗ್ಯಾಸ್ಕೆಟ್ ಹಾರುತ್ತೆ. ಅದಕ್ಕೇ ಬೆಳಿಗ್ಗೆ ತಣ್ಣಗಿರುವಾಗ ನೋಡಬೇಕು. ನೀವು ಹೋಗೋ ಹೊತ್ತಿಗೆ ಬಾನೆಟ್ ಬೆಚ್ಚಗಿದ್ದರೆ ‘ಯಾಕಪ್ಪಾ ಮೊದಲೇ ಸ್ಟಾರ್ಟ್ ಮಾಡಿಟ್ಟೆ?’ ಅಂತ ಕೇಳಿ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಕಾಫಿ ಥರ ಇದ್ದರೆ ನೀರು ಬೆರೆತಿದೆ. ಇಲ್ಲಿ ಹಾಗಿರಲಿಲ್ಲ. ಹೊಗೆ ನೀಲಿ ಬರಲಿಲ್ಲ, ಬಿಳಿಯೂ ನಿಲ್ಲಲಿಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಹೆಚ್ಚು ಕಡಿಮೆ ಒಂದೇ. ಅಕ್ಕಪಕ್ಕದ ಎರಡು ಮಾತ್ರ ಕಮ್ಮಿ ತೋರಿಸಿದ್ದರೆ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕಿತ್ತು. ಎಂಜಿನ್ನು ಹಾಡಿದ ಹಾಡು ಕೇಳಿ ಹುಡುಗನ ಮುಖದಲ್ಲಿ ಜೀವ ಬಂತು.

ಒಂದೇ ದೂರು: ಪೆಟ್ರೋಲ್ ವಾಸನೆ. ಕಾರ್ಬೊರೇಟರಿಗೆ ಹೋಗೋ ರಬ್ಬರ್ ಪೈಪು ಬೆರಳಿಗೆ ಅಂಟಿತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತೆ. ಎಂಬತ್ತರ ದಶಕದ ರಬ್ಬರಿಗೆ ಅದು ಆಗಿಬರಲ್ಲ. ಫೈಬರ್ ಮೈ ತುಕ್ಕು ಹಿಡಿಯಲ್ಲ ನಿಜ, ಬೆಂಕಿ ಮಾತ್ರ ಚೆನ್ನಾಗಿ ಹಿಡಿಯುತ್ತೆ. ಎಲ್ಲಾ ಪೈಪನ್ನೂ ಎಥನಾಲ್ ತಡೆಯೋ ಹೊಸದಕ್ಕೆ ಬದಲಾಯಿಸಿ, ಸೀಟಿನ ಕೆಳಗೆ ಬೆಂಕಿ ಆರಿಸೋ ಸಿಲಿಂಡರ್ ಇಡೋಕೆ ಹೇಳಿದರು.

ಹೆಡ್‌ಲೈಟ್ ಮಂಕು ಅಂತ ಹುಡುಗ ಬಲ್ಬ್ ತಂದಿದ್ದ. ಬಲ್ಬ್ ತಪ್ಪಲ್ಲ. ತಗಡಿನ ಕಾರಿನಲ್ಲಿ ಮೈಯೇ ಅರ್ಥಿಂಗ್. ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ, ಪ್ರತಿ ದೀಪಕ್ಕೂ ಬೇರೆ ಅರ್ಥ್ ವೈರ್ ಬೇಕು. ಅದರ ತುದಿ ಉಜ್ಜಿ ಬಿಗಿ ಮಾಡಿದರೆ ಬೆಳಕು ಝಗ್! ಅಂದ ಹಾಗೆ, ಪುಟ್ಟಿ ಹುಡುಕೋಕೆ ಮ್ಯಾಗ್ನೆಟ್ ಹಿಡ್ಕೊಂಡು ಹೋಗೋ ಜಾಣರು ಇಲ್ಲಿ ಪೆಚ್ಚಾಗ್ತಾರೆ. ಫೈಬರ್‌ಗೆ ಅದು ಎಲ್ಲೂ ಕಚ್ಚಲ್ಲ. ಬಣ್ಣದ ಮೇಲೆ ನಕ್ಷತ್ರದ ಆಕಾರದ ಬಿರುಕು ಕಂಡರೆ ಅಲ್ಲಿ ಗುದ್ದು ಬಿದ್ದಿದೆ ಅಂತ ತಿಳ್ಕೊಳ್ಳಿ.

ಕಾಗದಪತ್ರ ಸರಿಯಿತ್ತು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್.ಸಿ. ಜೊತೆ ಹೋಲಿಸಿದೆವು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಅದೂ ಆಗಿತ್ತು.

ಮಾರಿದವರಿಗೆ ಫೋನ್ ಮಾಡಿದ. ‘ಹಳೇ ಗಾಡಿ ಅಂತ ಹೇಳಿಯೇ ಕೊಟ್ಟಿದ್ದು’ ಅಂತ ಫೋನಿಟ್ಟರಂತೆ. ನಿರೀಕ್ಷಿಸಿದ್ದೇ.

‘ಹಂಗೇ ಒಂದು ಪ್ಯಾಚ್ ಹಾಕಿಕೊಡಿ ಮೇಸ್ತ್ರಿ, ಭಾನುವಾರ ಒಂದಿನ ಹೋಗಿ ಬರ್ತೀನಿ’ ಅಂದ ಹುಡುಗ.

‘ಒಂದಿನಕ್ಕೆ ಬೇರೆ ರೇಟಿಲ್ಲ ಸ್ವಾಮಿ’ ಅಂದರು ಮೇಸ್ತ್ರಿ. ಕೀಲಿಕೈ ಜೇಬಿಗೆ ಹಾಕಿಕೊಂಡರು.

ಕೆಲಸ ಮೂರು ವಾರ ಹಿಡೀತು. ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ, ಕಿಡಿ ಫೈಬರ್‌ಗೆ ಹಾರದ ಹಾಗೆ ಒದ್ದೆ ಗೋಣಿ ಮರೆ ಕಟ್ಟಿ, ಕೊಳೆತ ಕಬ್ಬಿಣವನ್ನ ಗಟ್ಟಿ ಕಬ್ಬಿಣ ಸಿಗೋವರೆಗೂ ಕತ್ತರಿಸಿ, ಅದೇ ದಪ್ಪದ ಹೊಸ ಪ್ಲೇಟ್ ಪೂರ್ತಿ ಉದ್ದಕ್ಕೆ ಬೆಸೆದರು. ಚಾಸಿಸ್ ನಂಬರ್ ಇರೋ ಜಾಗಕ್ಕೆ ಶಾಖ ಮುಟ್ಟಿಸಲಿಲ್ಲ. ಅದು ಅಳಿಸಿದರೆ ಆರ್.ಟಿ.ಓ. ಬಾಗಿಲು ಸವೆಸಬೇಕಾಗುತ್ತೆ. ಬ್ರೇಕಿನ ರಬ್ಬರಿಗೆ ಜೆ.ಸಿ. ರೋಡಿನಲ್ಲಿ ಅಳತೆ ಹಿಡಿದು ಅಲೆದದ್ದು ಎರಡು ದಿನ. ಶಿವಾಜಿನಗರದ ಗುಜರಿಯಲ್ಲಿ ಹಳೇದು ಸಿಗುತ್ತಿತ್ತೇನೋ. ಬ್ರೇಕಿಗೆ ಗುಜರಿ ಮಾಲು ಮುಟ್ಟಲ್ಲ ಅಂತ ಮೇಸ್ತ್ರಿ ಹಟ.

ಅಮ್ಮ ಆ ಭಾನುವಾರ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋಗಿ ಮಂಜುನಾಥನ ದರ್ಶನ ಮಾಡಿಬಂದರು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತಂತೆ. ಗಾಡಿ ಈಗ ಕನಕಪುರ ರಸ್ತೆಯಲ್ಲಿ ಓಡಾಡ್ತಿದೆ. 500 ಕಿಲೋಮೀಟರ್ ಆದ ಮೇಲೆ ಮತ್ತೆ ತನ್ನಿ, ನಟ್ಟು ಬೋಲ್ಟೆಲ್ಲ ಇನ್ನೊಂದು ಸಲ ಬಿಗಿ ನೋಡಬೇಕು, ಬೆಸುಗೆ ಮೇಲೆ ಸುತ್ತಿಗೆ ಬಡಿಯಬೇಕು ಅಂದಿದ್ದಾರೆ ಮೇಸ್ತ್ರಿ. ಮೀಟರ್ ಈಗ 380 ತೋರಿಸ್ತಿದೆ.