ಕರುಣೆಗೆ ಸರದಿಯ ಸಾಲಿಲ್ಲ

ಮೊದಲು ಕುಟುಂಬ, ನಂತರ ನೆರೆಯವರು, ದೇಶವಾಸಿಗಳು, ಆಮೇಲೆ ಉಳಿದ ಜಗತ್ತು. ಇದೇ ಕ್ರೈಸ್ತ ಪ್ರೀತಿಯ ಕ್ರಮವೆಂದು ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ 2025ರ ಜನವರಿಯಲ್ಲಿ ಹೇಳಿದರು. ಆದರೆ ಅವರ ಸರ್ಕಾರ ಕೈಗೊಂಡ ವಲಸಿಗರ ಸಾಮೂಹಿಕ ಗಡೀಪಾರಿಗೆ ಇದು ಸಮರ್ಥನೆಯಾಗದು. ಈ ಕ್ರಮವನ್ನು ವಿವರಿಸಿದ 13ನೇ ಶತಮಾನದ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸರೇ, ಅಷ್ಟೇನೂ ಕಷ್ಟದಲ್ಲಿರದ ಹೆತ್ತ ತಂದೆಗಿಂತ ತೀರಾ ಸಂಕಟದಲ್ಲಿರುವ ಅಪರಿಚಿತನಿಗೆ ಮೊದಲು ನೆರವಾಗಬೇಕಾದ ಸಂದರ್ಭಗಳಿವೆ ಎಂದಿದ್ದಾರೆ. ಅದೇ ವರ್ಷದ ಫೆಬ್ರುವರಿ 10ರಂದು ಅಮೆರಿಕದ ಬಿಷಪರಿಗೆ ಬರೆದ ಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಯೇಸು ಹೇಳಿದ ಸಮಾರ್ಯದವನ ಸಾಮತಿಯನ್ನು (ನೀತಿಕಥೆಯನ್ನು) ನೆನಪಿಸಿದರು. ಅದರಲ್ಲಿ ಗಾಯಾಳುವನ್ನು ಕಂಡೂ ಪಕ್ಕಕ್ಕೆ ಸರಿದವರು ಯಾಜಕ ಮತ್ತು ದೇವಾಲಯದ ಸೇವಕನಾದ ಲೇವಿಯ. ಎತ್ತಿ ಉಪಚರಿಸಿದವನು ಹೊರಗಿನವನಾದ ಸಮಾರ್ಯದವನು. ಅರಸ ಹೆರೋದನ ಕತ್ತಿಗೆ ಹೆದರಿ ಹೆತ್ತವರು ಈಜಿಪ್ಟಿಗೆ ಹೊತ್ತೊಯ್ದ ಕೂಸು ಯೇಸುವನ್ನು ಪೂಜಿಸುವವರು, ಗಡಿಯಲ್ಲಿ ನಿಂತ ತಾಯಿ-ಮಗುವಿಗೆ ಬೆನ್ನು ತಿರುಗಿಸುವಂತಿಲ್ಲ. ಗಡಿ ಕಾಯುವ ಹಕ್ಕು ಸರ್ಕಾರಕ್ಕಿದೆ. ನಿರ್ದಯತೆಗೆ ಕ್ರಿಸ್ತನ ಹೆಸರಿನ ಮುದ್ರೆ ಒತ್ತುವ ಹಕ್ಕು ಯಾರಿಗೂ ಇಲ್ಲ.